ಈಚಿನ ಫಿಲ್ಮ್ ಕ್ಯಾಮೆರಾದಲ್ಲಿ ಹಳೆ ಫ್ಲ್ಯಾಶ್ ಬಲ್ಬ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ದೊಡ್ಡಪ್ಪ ತಿಪಟೂರಿನ ಸುತ್ತಮುತ್ತ ಮದುವೆ ಫೋಟೊ ತೆಗೆಯುತ್ತಿದ್ದರು. ಅವರ ಬೀರುವಿನಲ್ಲಿ ಉಳಿದಿದ್ದ ಎರಡು ಪೆಟ್ಟಿಗೆ ಫ್ಲ್ಯಾಶ್ ಬಲ್ಬುಗಳಿಂದ ನನ್ನ ಈ ಹುಚ್ಚು ಶುರುವಾಯಿತು. ಅವರ ಕ್ಯಾಮೆರಾ ಬಲ್ಬಿಗೆಂದೇ ಮಾಡಿದ್ದು. ನನ್ನ ಕೈಯಲ್ಲಿದ್ದದ್ದು ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಮಾಡಿದ್ದು. ತೊಂದರೆಗಳೆಲ್ಲ ಆ ವ್ಯತ್ಯಾಸದಿಂದಲೇ ಬಂದವು. ಅದೇ ದಾರಿಯಲ್ಲಿರುವವರು ನನ್ನನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಒಂದು ಬಲ್ಬು ಉರಿಯುವುದು ಒಂದೇ ಸಲ. ಆದ್ದರಿಂದ ಮೊದಲ ಬಲ್ಬು ಹಚ್ಚುವ ಮೊದಲೇ ಇದನ್ನು ಓದಿಬಿಡಿ.

ಬಲ್ಬು ಚೆನ್ನಾಗಿ ಹತ್ತಿತು, ಕಣ್ಣು ಕೋರೈಸಿತು. ಆದರೆ ಫಿಲ್ಮ್ ತೊಳೆದು ನೋಡಿದರೆ ಆ ಫ್ರೇಮ್ ಖಾಲಿ. ಯಾಕೆ?

ಬಲ್ಬು ಬೆಳಗುವ ಮೊದಲೇ ನಿಮ್ಮ ಶಟರ್ ಮುಚ್ಚಿಬಿಟ್ಟಿದೆ. ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಂದರೆ ಅನಿಲದ ಟ್ಯೂಬಿನೊಳಗೆ ಒಂದು ಕಿಡಿ. ಕ್ಯಾಮೆರಾ ಹೇಳಿದ ಕ್ಷಣವೇ ಬೆಳಗುತ್ತದೆ, ಸೆಕೆಂಡಿನ ಸಾವಿರದ ಒಂದು ಭಾಗದೊಳಗೆ ಆರಿಹೋಗುತ್ತದೆ. ಬಲ್ಬಿನ ಕಥೆ ಬೇರೆ. ಗಾಜಿನ ಬುರುಡೆಯೊಳಗೆ ಆಮ್ಲಜನಕ ತುಂಬಿರುತ್ತಾರೆ. ಜೊತೆಗೆ ಕೂದಲಿಗಿಂತ ತೆಳ್ಳಗಿನ ಲೋಹದ ಎಳೆಗಳ ಸಿಕ್ಕು ಇರುತ್ತದೆ. ಅದು ಅಲ್ಯೂಮಿನಿಯಂ ಇರಬಹುದು, ಚಿಕ್ಕ ಬಲ್ಬುಗಳಲ್ಲಿ ಜಿರ್ಕೋನಿಯಂ ಇರಬಹುದು. ಕರೆಂಟು ಬಂದಾಗ ಮೊದಲು ನಡುವಿನ ಸಣ್ಣ ತಂತಿ ಕಾಯಬೇಕು. ಅದಕ್ಕೆ ಮೆತ್ತಿದ ಮದ್ದು ಹತ್ತಬೇಕು. ಆ ಮದ್ದಿನ ಕಿಡಿಯಿಂದ ಲೋಹದ ಎಳೆಗಳು ಹೊತ್ತಿಕೊಳ್ಳಬೇಕು. ಇದು ನಿಜವಾದ ಬೆಂಕಿ, ಅದಕ್ಕೆ ಸಮಯ ಬೇಕು. ಎಂ ವರ್ಗದ ಬಲ್ಬು ಪೂರ್ತಿ ಬೆಳಗಲು ಸುಮಾರು 20 ಮಿಲಿಸೆಕೆಂಡು ಹಿಡಿಯುತ್ತದೆ. ಉರಿದು ಮುಗಿಯಲು ಒಟ್ಟು 40 ಮಿಲಿಸೆಕೆಂಡಿನ ಹತ್ತಿರ. ಎಜಿ-1 ತರಹದ ಕಡಲೆಕಾಯಿ ಗಾತ್ರದ ಬಲ್ಬು ಇನ್ನೂ ಸ್ವಲ್ಪ ಬೇಗ ಬೆಳಗುತ್ತದೆ.

ಹಳೆ ಕ್ಯಾಮೆರಾಗಳಿಗೆ ಇದು ಗೊತ್ತಿತ್ತು. ಅವುಗಳ ಎಂ ಸಿಂಕ್ (ಶಟರಿಗೂ ಫ್ಲ್ಯಾಶಿಗೂ ಹೊತ್ತು ಹೊಂದಿಸುವ ಏರ್ಪಾಡು) ಬಲ್ಬಿಗೆ ಮೊದಲು ಕರೆಂಟು ಕೊಟ್ಟು, ಅದು ಹೊತ್ತಿಕೊಳ್ಳುವ ತನಕ ಕಾದು, ಆಮೇಲೆ ಶಟರ್ ತೆರೆಯುತ್ತಿತ್ತು. ಈಚಿನ ಕ್ಯಾಮೆರಾಗಳಲ್ಲಿ ಉಳಿದಿರುವುದು ಎಕ್ಸ್ ಸಿಂಕ್ ಒಂದೇ. ಎಕ್ಸ್ ಕಾಯುವುದಿಲ್ಲ. ಶಟರ್ ಪೂರ್ತಿ ತೆರೆದ ಕ್ಷಣ ಕರೆಂಟು ಕೊಡುತ್ತದೆ. ನೀವು ಶಟರ್ ವೇಗ 1/125 ಸೆಕೆಂಡು ಇಟ್ಟಿದ್ದರೆ ಇಡೀ ಕೆಲಸ 8 ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿ ಬಲ್ಬಿನೊಳಗೆ ಮದ್ದಿಗೆ ಕಿಡಿ ತಗಲಿರುತ್ತದೆ, ಅಷ್ಟೇ. ನಿಮ್ಮ ಕಣ್ಣು ಕೋರೈಸಿದ ಬೆಳಕನ್ನು ಫಿಲ್ಮ್ ನೋಡಲೇ ಇಲ್ಲ.

ಹಾಗಾದರೆ ಯಾವ ವೇಗ ಇಡಬೇಕು?

1/30 ಅಥವಾ ಅದಕ್ಕಿಂತ ನಿಧಾನ. ಬಹಳಷ್ಟು ಕ್ಯಾಮೆರಾಗಳ ಕೈಪಿಡಿಯಲ್ಲೂ ಬಲ್ಬಿಗೆ 1/30 ಅಂತಲೇ ಇರುತ್ತದೆ. ನಾನು ಮಾತ್ರ ಎಷ್ಟೋ ಸಲ 1/15 ಇಡುತ್ತೇನೆ. ಕಾರಣ ಇದೆ.

ಎಸ್‌ಎಲ್‌ಆರ್‌ನಲ್ಲಿ (ಲೆನ್ಸಿನ ಮೂಲಕವೇ ಕನ್ನಡಿಯಲ್ಲಿ ನೋಡಿ ತೆಗೆಯುವ ಕ್ಯಾಮೆರಾ) ಫಿಲ್ಮಿನ ಮುಂದೆ ಎರಡು ಪರದೆ ಓಡುತ್ತವೆ. ಮೊದಲನೆಯದು ಓಡಿ ಮುಗಿದ ಮೇಲೆ ಬಲ್ಬಿಗೆ ಕರೆಂಟು ಹೋಗುತ್ತದೆ. ಪೆಂಟಾಕ್ಸ್ ಕೆ1000, ಕ್ಯಾನನ್ ಎಇ-1 ಇವುಗಳಲ್ಲಿ ಬಟ್ಟೆಯ ಪರದೆ ಅಡ್ಡಡ್ಡ ಓಡುತ್ತದೆ, ಫ್ಲ್ಯಾಶ್ ವೇಗ (ಫ್ರೇಮ್ ಒಮ್ಮೆಗೇ ಪೂರ್ತಿ ತೆರೆದಿರುವ ಅತಿ ಹೆಚ್ಚಿನ ಶಟರ್ ವೇಗ) 1/60. ಅಂದರೆ ಪರದೆ ಈ ತುದಿಯಿಂದ ಆ ತುದಿಗೆ ಹೋಗಲಿಕ್ಕೇ ಹನ್ನೆರಡು-ಹದಿನಾಲ್ಕು ಮಿಲಿಸೆಕೆಂಡು ಬೇಕು. 1/30ರ 33 ಮಿಲಿಸೆಕೆಂಡಿನಲ್ಲಿ ಅದನ್ನು ಕಳೆಯಿರಿ. ಫ್ರೇಮ್ ಪೂರ್ತಿ ತೆರೆದಿರುವುದು ಸುಮಾರು 20 ಮಿಲಿಸೆಕೆಂಡು ಮಾತ್ರ. ಎಂ ಬಲ್ಬು ಪೂರ್ತಿ ಬೆಳಗುವುದೂ ಅದೇ ಹೊತ್ತಿಗೆ! ಎರಡನೇ ಪರದೆ ಹೊರಡುವ ಹೊತ್ತು, ಬಲ್ಬು ಜೋರಾಗಿ ಉರಿಯುವ ಹೊತ್ತು ಎರಡೂ ಒಂದೇ ಆಗಿಬಿಡುತ್ತದೆ. 1/15 ಇಟ್ಟರೆ ಈ ಚಿಂತೆ ಇಲ್ಲ.

ನಿಕಾನ್ ಎಫ್‌ಎಂ2ನಲ್ಲಿ ಲೋಹದ ಪರದೆ ಮೇಲಿಂದ ಕೆಳಗೆ ಓಡುತ್ತದೆ, ದೂರ ಕಡಿಮೆ, ವೇಗ ಜಾಸ್ತಿ. 1982ರಲ್ಲಿ ಬಂದಾಗ ಅದರ ಫ್ಲ್ಯಾಶ್ ವೇಗ 1/200 ಇತ್ತು, ಆಮೇಲೆ 1/250 ಆಯಿತು. ಅಂಥ ಕ್ಯಾಮೆರಾದಲ್ಲಿ 1/30 ಧಾರಾಳ ಸಾಕು. ಆದರೆ ಡಯಲಿನ ಮೇಲೆ 250 ಬೇರೆ ಬಣ್ಣದಲ್ಲಿದೆ ಅಂತ ಅಲ್ಲಿಗೆ ತಿರುಗಿಸಬೇಡಿ. ಆ ಗುರುತು ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ.

1/15ರಲ್ಲಿ ಕೈ ಅಲುಗಿ ಚಿತ್ರ ಮಸುಕಾಗುತ್ತದೆ ಅನ್ನುವ ಭಯ ಇರುತ್ತದೆ. ಒಳಗಡೆ, ಮಬ್ಬು ಬೆಳಕಿನಲ್ಲಿ ಆ ಭಯ ಬೇಡ. ಫಿಲ್ಮ್ ಮೇಲೆ ಬೀಳುವ ಬೆಳಕೆಲ್ಲ ಹೆಚ್ಚುಕಡಿಮೆ ಬಲ್ಬಿನದೇ. ಆ ಬಲ್ಬು ಜೋರಾಗಿರುವುದು ಸೆಕೆಂಡಿನ ಸಣ್ಣ ಚೂರು ಹೊತ್ತು.

ಚಿತ್ರದ ಒಂದು ಕಡೆ ಸರಿಯಾಗಿದೆ, ಇನ್ನೊಂದು ಕಡೆ ಹೋಗ್ತಾ ಹೋಗ್ತಾ ಕತ್ತಲಾಗಿದೆ.

ಮೇಲೆ ಹೇಳಿದ್ದೇ ಆಗಿರುವುದು. ಎರಡನೇ ಪರದೆ ಓಡುತ್ತಿರುವಾಗ ಬಲ್ಬು ಏರುತ್ತಿತ್ತು. ಕೊನೆಗೆ ಮುಚ್ಚಿಕೊಂಡ ತುದಿಗೆ ಜಾಸ್ತಿ ಬೆಳಕು ಸಿಕ್ಕಿತು. ಎಲೆಕ್ಟ್ರಾನಿಕ್ ಫ್ಲ್ಯಾಶಿನಲ್ಲಿ ಇದೇ ತಪ್ಪಾದರೆ ಗೆರೆ ಎಳೆದ ಹಾಗೆ ಕಪ್ಪು ಪಟ್ಟಿ ಬರುತ್ತದೆ. ಬಲ್ಬಿನಲ್ಲಿ ಹಾಗಲ್ಲ, ಸಂಜೆ ಕತ್ತಲು ಇಳಿದ ಹಾಗೆ ಮೆಲ್ಲಗೆ ಕಪ್ಪಾಗುತ್ತದೆ. ಆ ಗುರುತು ಕಂಡರೆ ವೇಗ ಒಂದು ಮೆಟ್ಟಿಲು ಇಳಿಸಿ.

ನನ್ನ ಹತ್ತಿರ ಎಫ್‌ಪಿ ಬಲ್ಬು ಇದೆ. ಅದರಲ್ಲಿ 1/500 ಇಡಬಹುದು ಅಂತಾರೆ?

ಎಫ್‌ಪಿ ಸಿಂಕ್ ಇರುವ ಕ್ಯಾಮೆರಾದಲ್ಲಿ ಮಾತ್ರ. ಎಫ್‌ಪಿ ಬಲ್ಬು, ಅಂದರೆ 6, 26 ನಂಬರಿನವು, ಒಂದೇ ಸಮನಾಗಿ ಹೆಚ್ಚು ಹೊತ್ತು ಉರಿಯುತ್ತವೆ. ಪರದೆಗಳ ನಡುವಿನ ಸೀಳು ಫ್ರೇಮ್ ದಾಟುವ ತನಕ ಬೆಳಕು ಸಮ ಇರಲಿ ಅಂತ ಹಾಗೆ ಮಾಡಿದ್ದು. ಆದರೆ ಪರದೆ ಹೊರಡುವ ಮೊದಲೇ ಆ ಬಲ್ಬು ಹೊತ್ತಿರಬೇಕು. ಆ ಕೆಲಸ ಎಫ್‌ಪಿ ಸಾಕೆಟ್‌ನದು. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿ ಎಫ್‌ಪಿ ಮತ್ತು ಎಕ್ಸ್ ಎರಡು ಸಾಕೆಟ್ ಇದ್ದವು. ಒಲಿಂಪಸ್ ಒಎಂ-1ರಲ್ಲಿ ಎರಡಕ್ಕೂ ಒಂದು ಸ್ವಿಚ್ ಇತ್ತು. ಬರೀ ಎಕ್ಸ್ ಇರುವ ಕ್ಯಾಮೆರಾಗೆ ಎಫ್‌ಪಿ ಬಲ್ಬು ಹಾಕಿದರೂ 1/15, 1/30 ಅಷ್ಟೇ.

ನನ್ನ ಕ್ಯಾಮೆರಾದ ಲೆನ್ಸ್ ಪಕ್ಕ ಎಂ, ಎಕ್ಸ್, ವಿ ಅಂತ ಲಿವರ್ ಇದೆ. ಎಲ್ಲಿಡಲಿ?

ನಿಮ್ಮದು ಪುಣ್ಯ. ಯಾಶಿಕಾ ಮ್ಯಾಟ್ 124ಜಿ, ಮಾಮಿಯಾ ಆರ್‌ಬಿ67 ಇಂಥವುಗಳಲ್ಲಿ ಎಂ ಉಳಿದಿತ್ತು. ಎಂ ವರ್ಗದ ಬಲ್ಬಿಗೆ ಲಿವರನ್ನು ಎಂಗೆ ತನ್ನಿ, ಹೆಚ್ಚಿನ ವೇಗದಲ್ಲೂ ಕೆಲಸ ಮಾಡುತ್ತದೆ. ವಿ ಅಂದರೆ ಸೆಲ್ಫ್ ಟೈಮರ್. ಒಂದು ಎಚ್ಚರಿಕೆ: ಕೆಲಸ ಮುಗಿದ ಮೇಲೆ ಲಿವರನ್ನು ಎಕ್ಸ್‌ಗೆ ವಾಪಸ್ ತಂದುಬಿಡಿ. ಎಂನಲ್ಲಿ ಎಲೆಕ್ಟ್ರಾನಿಕ್ ಫ್ಲ್ಯಾಶ್ ಹಾಕಿದರೆ ಶಟರ್ ತೆರೆಯುವ ಮೊದಲೇ ಅದು ಮಿಂಚಿ ಮುಗಿದಿರುತ್ತದೆ. ಇಡೀ ರೀಲು ಖಾಲಿ ಬರುತ್ತದೆ.

ಫ್ಲ್ಯಾಶ್ ಗನ್ನನ್ನು (ಬಲ್ಬು ಸಿಕ್ಕಿಸಿ ಸೆಲ್‌ನಿಂದ ಹೊತ್ತಿಸುವ ಸಾಧನ) ಕ್ಯಾಮೆರಾ ಮೇಲೆ ಕೂರಿಸಿ ವೈರ್ ಚುಚ್ಚಿದೆ. ಬಟನ್ ಒತ್ತುವ ಮೊದಲೇ ಬಲ್ಬು ಹೊತ್ತಿತು!

ನನಗೂ ಆಗಿದೆ. ಎರಡು ಬಲ್ಬು ಕಳೆದುಕೊಂಡ ಮೇಲೆ ಗನ್ನನ್ನು ತಲೆಕೆಳಗು ಮಾಡಿ ಅದರ ಕಾಲನ್ನು ನೋಡಿದೆ. ಪೂರ್ತಿ ಲೋಹದ ತಗಡು, ಕ್ರೋಮ್ ಹೊಳಪು, ನಡುವೆ ಎಲ್ಲೂ ಪ್ಲಾಸ್ಟಿಕ್ ಇಲ್ಲ. ಆ ಗನ್ ಮಾಡಿದ ಕಾಲದಲ್ಲಿ ಕ್ಯಾಮೆರಾದ ಶೂ ಅಂದರೆ ಸುಮ್ನೆ ಒಂದು ಹಿಡಿ, ಅದರಲ್ಲಿ ಕರೆಂಟು ಇರುತ್ತಿರಲಿಲ್ಲ. ಈಚಿನ ಕ್ಯಾಮೆರಾದ ಹಾಟ್ ಶೂ ನಡುವೆ ಒಂದು ದುಂಡು ಬಿಂದು ಇದೆ, ನೋಡಿ. ಲೋಹದ ಕಾಲು ಒಳಗೆ ಜಾರಿದಾಗ ಆ ಬಿಂದುವನ್ನೂ ಪಕ್ಕದ ಅಂಚನ್ನೂ ಸೇರಿಸಿಬಿಡುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಹಾಟ್ ಶೂ, ಪಿಸಿ ಸಾಕೆಟ್ (ಫ್ಲ್ಯಾಶ್ ವೈರ್ ಚುಚ್ಚುವ ತೂತು) ಎರಡೂ ಒಳಗೆ ಒಂದೇ ತಂತಿ. ಹಾಗಾಗಿ ವೈರ್ ಚುಚ್ಚಿದ ಕ್ಷಣ ಬಟನ್ ಒತ್ತಿದ ಹಾಗೇ ಆಗುತ್ತದೆ.

ಪರಿಹಾರಕ್ಕೆ ದುಡ್ಡು ಬೇಡ. ಗನ್ನಿನ ಕಾಲಿನ ತಳಕ್ಕೆ ಇನ್ಸುಲೇಷನ್ ಟೇಪ್ ಒಂದು ಸುತ್ತು ಅಂಟಿಸಿ. ಟೇಪ್ ಅಂಚಿನಲ್ಲಿ ಹರಿಯದ ಹಾಗೆ ಮೆಲ್ಲಗೆ ತಳ್ಳಿ. ಇನ್ನೂ ಒಳ್ಳೆಯದು, ಗನ್ನನ್ನು ಪಕ್ಕದ ಬ್ರಾಕೆಟ್ಟಿಗೆ ಹಾಕಿ. ಬೆಳಕು ಲೆನ್ಸಿನಿಂದ ದೂರ ಹೋದಷ್ಟೂ ಮುಖ ಚಪ್ಪಟೆಯಾಗಿ ಕಾಣುವುದು ತಪ್ಪುತ್ತದೆ.

ಸುಟ್ಟ ಬಲ್ಬು ತೆಗೆದು ಹೊಸದು ಹಾಕುವಾಗ ಕೈಯಲ್ಲೇ ಹೊತ್ತಿಕೊಂಡಿತು. ಇದು ಅಪಾಯ ಅಲ್ವಾ?

ಖಂಡಿತ ಅಪಾಯ. ಕೆಲವು ಕ್ಯಾಮೆರಾಗಳಲ್ಲಿ ಫೋಟೊ ತೆಗೆದ ಮೇಲೆ ಮುಂದಿನ ಫ್ರೇಮಿಗೆ ಸುತ್ತುವ ತನಕ ಸಿಂಕ್ ತುದಿಗಳು ಕೂಡಿಕೊಂಡೇ ಇರುತ್ತವೆ. ಅಂಥ ಹೊತ್ತಿನಲ್ಲಿ ಬಲ್ಬು ಸಿಕ್ಕಿಸಿದರೆ ಹೊತ್ತಿಕೊಳ್ಳಲೇಬೇಕು. ಕ್ರಮ ಹೀಗಿರಲಿ: ಮೊದಲು ಫಿಲ್ಮ್ ಸುತ್ತಿ, ಆಮೇಲೆ ಸುಟ್ಟದ್ದನ್ನು ತೆಗೆಯಿರಿ, ಕೊನೆಗೆ ಹೊಸದು ಹಾಕಿ. ಪಿಸಿ ವೈರ್ ಬಿಚ್ಚಿಟ್ಟು ಬಲ್ಬು ಹಾಕಿ, ರಿಫ್ಲೆಕ್ಟರನ್ನು (ಬಲ್ಬಿನ ಹಿಂದಿನ ಹೊಳಪಿನ ಬಟ್ಟಲು) ಆಚೆ ತಿರುಗಿಸಿ ವೈರ್ ಚುಚ್ಚಿದರೆ ಇನ್ನೂ ಕ್ಷೇಮ. ಬಲ್ಬು ಹಾಕುವಾಗ ಮುಖ ಆ ಕಡೆ ಇರಬಾರದು.

ಬಲ್ಬಿನ ಗನ್ ಹಾಕಿದರೆ ನನ್ನ ಕ್ಯಾಮೆರಾ ಕೆಡುತ್ತದಾ?

ಯಾವ ಕ್ಯಾಮೆರಾ ಅನ್ನುವುದರ ಮೇಲಿದೆ. ಕೆ1000 ತರಹದ ಪೂರ್ತಿ ಯಾಂತ್ರಿಕ ಕ್ಯಾಮೆರಾದಲ್ಲಿ ಸಿಂಕ್ ಅಂದರೆ ಎರಡು ಲೋಹದ ತುಂಡು ಮುಟ್ಟುವುದು. ಆರೋಗ್ಯವಾಗಿದ್ದರೆ ಬಲ್ಬಿನ ಕರೆಂಟನ್ನು ತಡೆಯುತ್ತದೆ.

ಎಂಬತ್ತರ ದಶಕದ ಕೊನೆಯ ಮತ್ತು ಆಮೇಲಿನ ಆಟೋಫೋಕಸ್ ಕ್ಯಾಮೆರಾಗಳಲ್ಲಿ ನಾನು ನೇರವಾಗಿ ಹಾಕುವುದಿಲ್ಲ. ಅವುಗಳಲ್ಲಿ ಲೋಹದ ತುಂಡಿನ ಬದಲು ಎಲೆಕ್ಟ್ರಾನಿಕ್ ಸ್ವಿಚ್ ಇರುತ್ತದೆ. ಎಲ್ಲರೂ ವೋಲ್ಟೇಜ್ ಬಗ್ಗೆ ಕೇಳುತ್ತಾರೆ. ಬಲ್ಬಿನ ಗನ್ನಿನಲ್ಲಿ ಇರುವುದು 3 ವೋಲ್ಟಿನಿಂದ 22.5 ವೋಲ್ಟ್ ತನಕ, ಹಳೆ ಎಲೆಕ್ಟ್ರಾನಿಕ್ ಫ್ಲ್ಯಾಶಿನ ನೂರಾರು ವೋಲ್ಟಿಗೆ ಹೋಲಿಸಿದರೆ ಏನೂ ಅಲ್ಲ. ಇಲ್ಲಿ ಯೋಚಿಸಬೇಕಾದ್ದು ಆಂಪಿಯರ್. ಎಲೆಕ್ಟ್ರಾನಿಕ್ ಫ್ಲ್ಯಾಶ್ ಕ್ಯಾಮೆರಾದ ಮೂಲಕ ಸಣ್ಣ ಸನ್ನೆ ಮಾತ್ರ ಕಳಿಸುತ್ತದೆ. ಬಲ್ಬು ಹೊತ್ತಿಸುವ ಕರೆಂಟಾದರೋ ಪೂರ್ತಿ ಕ್ಯಾಮೆರಾದ ಮೂಲಕವೇ ಹಾಯಬೇಕು. ತಂತಿ ತಣ್ಣಗಿರುವಾಗ ಆ ಒಂದು ಕ್ಷಣ ಅದು ಆಂಪಿಯರ್ ಲೆಕ್ಕಕ್ಕೆ ಏರುತ್ತದೆ.

ಇನ್ನೊಂದು ವಿಷಯ ಧನ, ಋಣ. ಲೋಹದ ತುಂಡಿಗೆ ಎರಡೂ ಒಂದೇ. ಎಲೆಕ್ಟ್ರಾನಿಕ್ ಸ್ವಿಚ್‌ಗೆ ನಡುವಿನ ತುದಿ ಧನ ಇರಬೇಕು. ಹಳೆ ಗನ್ನಿನ ವೈರ್ ಉಲ್ಟಾ ಇದ್ದರೆ ಬಲ್ಬು ಹತ್ತದೇ ಹೋಗಬಹುದು. ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಗನ್ನಿನಲ್ಲಿ ಬಲ್ಬಿನ ಜಾಗ ಖಾಲಿ ಇದ್ದರೆ ಮೀಟರ್ ಏನೂ ತೋರಿಸುವುದಿಲ್ಲ, ಯಾಕೆಂದರೆ ದಾರಿ ತುಂಡಾಗಿದೆ. ಅಲ್ಲಿ ಒಂದು ಟಾರ್ಚ್ ಬಲ್ಬು ಜೋಡಿಸಿ ಅಳೆಯಿರಿ.

ಹಾಗಾದರೆ ಆಟೋಫೋಕಸ್ ಕ್ಯಾಮೆರಾ ಇರುವವರು ಬಲ್ಬು ಬಳಸಲೇಬಾರದಾ?

ಬಳಸಿ, ಕ್ಯಾಮೆರಾಗೂ ಗನ್ನಿಗೂ ವೈರ್ ಬೇಡ ಅಷ್ಟೇ. ದೊಡ್ಡಪ್ಪನ ಕಾಲದ ಹಳೆ ದಾರಿಯೇ ಇದಕ್ಕೆ ಒಳ್ಳೆಯದು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ. ಶಟರನ್ನು ಬಿ (ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುವ ಗುರುತು) ಮೇಲಿಟ್ಟು ತೆರೆಯಿರಿ. ಕೈಯಲ್ಲಿ ಹಿಡಿದ ಗನ್ನಿನ ಬಟನ್ ಒತ್ತಿ. ಬಲ್ಬು ಆರಿದ ಮೇಲೆ ಶಟರ್ ಮುಚ್ಚಿ. ಸಿಂಕ್ ಅನ್ನುವ ಮಾತೇ ಇಲ್ಲ, ಹಾಗಾಗಿ ಸಿಂಕ್ ತಪ್ಪುವುದೂ ಇಲ್ಲ. ಕೋಣೆಯ ಬೆಳಕು ಕಡಿಮೆ ಇರಬೇಕು. ಕೂತವರು ಒಂದೆರಡು ಸೆಕೆಂಡು ಅಲುಗದೆ ಇದ್ದರೆ ಸಾಕು. ಮನೆಯ ಒಳಾಂಗಣ, ಹಳೆ ದೇವಸ್ಥಾನದ ಕಂಬಗಳು, ಕತ್ತಲೆ ಓಣಿ, ಇಂಥ ಅಲುಗದ ವಿಷಯಕ್ಕೆ ಇದಕ್ಕಿಂತ ಚೆಂದದ ವಿಧಾನ ನಾನು ಕಂಡಿಲ್ಲ. ಒಂದೇ ಫ್ರೇಮಿಗೆ ಬೇರೆ ಬೇರೆ ಮೂಲೆಯಿಂದ ಎರಡು ಮೂರು ಬಲ್ಬು ಕೂಡ ಹಚ್ಚಬಹುದು.

ಬಲ್ಬಿನ ಬೆಳಕು ಎಷ್ಟು ದೂರ ಹೋಗುತ್ತದೆ ಅನ್ನುವುದಕ್ಕೆ ಅಮೆರಿಕದ ಓ. ವಿನ್‌ಸ್ಟನ್ ಲಿಂಕ್ ಅವರ ಚಿತ್ರಗಳನ್ನು ನೋಡಿ. 1955ರಿಂದ 1960ರ ತನಕ ಅವರು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆಯ ಉಗಿಬಂಡಿಗಳನ್ನು ರಾತ್ರಿ ಹೊತ್ತು ತೆಗೆದರು. ಒಂದೇ ಚಿತ್ರಕ್ಕೆ ನಲವತ್ತಕ್ಕಿಂತ ಹೆಚ್ಚು ಬಲ್ಬುಗಳನ್ನು ಒಟ್ಟಿಗೆ ಹೊತ್ತಿಸಿದ್ದೂ ಇದೆ.

ರೇಡಿಯೊ ಟ್ರಿಗರ್ (ವೈರ್ ಇಲ್ಲದೆ ಫ್ಲ್ಯಾಶ್ ಹಚ್ಚುವ ಸಾಧನ) ಬಳಸಬಹುದಾ ಅಂತಲೂ ಕೇಳುತ್ತಾರೆ. ಕ್ಯಾಮೆರಾ ಉಳಿಯುತ್ತದೆ ನಿಜ, ಆದರೆ ಆಂಪಿಯರ್ ಈಗ ರಿಸೀವರಿನೊಳಗಿನ ಸಣ್ಣ ಸ್ವಿಚ್ಚಿನ ಮೂಲಕ ಹಾಯುತ್ತದೆ. ಅದರ ಮಿತಿ ಎಷ್ಟು ಅಂತ ಕೈಪಿಡಿಯಲ್ಲಿ ಓದಿದ ಮೇಲೆ ಮಾತ್ರ ಮಾಡಿ.

ಬಲ್ಬು ಹತ್ತುತ್ತಲೇ ಇಲ್ಲ. ಎಲ್ಲಿಂದ ಹುಡುಕಲಿ?

ಬಲ್ಬಿನ ತಳದಿಂದ. ಹತ್ತರಲ್ಲಿ ಏಳೆಂಟು ಸಲ ನನಗೆ ತೊಂದರೆ ಅಲ್ಲೇ ಸಿಕ್ಕಿದೆ.

ಐವತ್ತು ವರ್ಷ ಪೆಟ್ಟಿಗೆಯಲ್ಲಿ ಕೂತ ಬಲ್ಬಿನ ತಳದ ಲೋಹಕ್ಕೆ ಬೂದು ಪೊರೆ ಕಟ್ಟಿರುತ್ತದೆ. ಎಜಿ-1 ಬಲ್ಬಿಗೆ ಲೋಹದ ತಳವೇ ಇಲ್ಲ. ಗಾಜಿನ ಬುಡದಿಂದ ಎರಡು ಸಣ್ಣ ತಂತಿ ಹೊರಬಂದು ಎರಡು ಕಡೆಗೂ ಮಡಚಿಕೊಂಡಿರುತ್ತವೆ. ಕಿಟಕಿ ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಬದಲು ಮಂಕಾಗಿದ್ದರೆ ಶಾಯಿ ಅಳಿಸುವ ಗಟ್ಟಿ ರಬ್ಬರಿನಿಂದ ಎರಡು ಸಲ ಮೆಲ್ಲಗೆ ಉಜ್ಜಿ. ಉಪ್ಪು ಕಾಗದ ಬೇಡ, ತಂತಿ ತುಂಡಾಗುತ್ತದೆ. ಗನ್ನಿನ ಹೋಲ್ಡರ್ ಒಳಗೂ ಅದೇ ಪೊರೆ ಇರುತ್ತದೆ. ಬೆಂಕಿಕಡ್ಡಿ ತುದಿಗೆ ಬಟ್ಟೆ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆಯೇ ಬಲ್ಬು ಹಾಕಿ.

ದೊಡ್ಡಪ್ಪ ಪ್ರತಿ ಬಲ್ಬಿನ ತಳವನ್ನೂ ನಾಲಿಗೆಗೆ ಮುಟ್ಟಿಸಿ ಗನ್ನಿಗೆ ಹಾಕುತ್ತಿದ್ದರಂತೆ. ಆ ಕಾಲದ ಪತ್ರಿಕಾ ಛಾಯಾಗ್ರಾಹಕರೂ ಜಗತ್ತಿನ ತುಂಬ ಇದನ್ನೇ ಮಾಡುತ್ತಿದ್ದರು. ಎಂಜಲಿನ ತೇವದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ ಅನ್ನುವುದು ಅದರ ಗುಟ್ಟು. ಹಳೆ ಬಲ್ಬಿನ ಪೊರೆಯನ್ನು ನಾಲಿಗೆಗೆ ಮುಟ್ಟಿಸಿ ಅಂತ ನಾನು ಹೇಳಲಾರೆ. ರಬ್ಬರು ಸಾಕು.

ಆಮೇಲೆ ನೋಡಬೇಕಾದ್ದು ಗನ್ನಿನ ಒಳಗಿನ ಕೆಪಾಸಿಟರ್. 22.5 ವೋಲ್ಟಿನ ಗನ್ನುಗಳಲ್ಲಿ ಸೆಲ್ ನೇರವಾಗಿ ಬಲ್ಬನ್ನು ಹೊತ್ತಿಸುವುದಿಲ್ಲ. ಅದು ನಿಧಾನವಾಗಿ ಕೆಪಾಸಿಟರನ್ನು ತುಂಬುತ್ತದೆ, ಕೆಪಾಸಿಟರ್ ಒಂದೇ ಏಟಿಗೆ ಸುರಿಯುತ್ತದೆ. ಇಷ್ಟು ವರ್ಷಕ್ಕೆ ಆ ಕೆಪಾಸಿಟರ್ ಒಣಗಿಹೋಗಿರುವುದು ಸಾಮಾನ್ಯ. ಬಲ್ಬಿನ ಜಾಗದಲ್ಲಿ ಟಾರ್ಚ್ ಬಲ್ಬು ಜೋಡಿಸಿ ಬಟನ್ ಒತ್ತಿ. ಛಕ್ಕನೆ ಮಿನುಗಿದರೆ ಗನ್ ಸರಿ ಇದೆ. ಮಿನುಗದಿದ್ದರೆ ಅದೇ ಅಳತೆಯ ಹೊಸ ಕೆಪಾಸಿಟರ್ ಹಾಕಿಸಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಧನ, ಋಣ ನೋಡಿ ಬೆಸುಗೆ ಹಾಕಬೇಕು.

ಪಿಸಿ ವೈರಿನ ತುದಿಯೂ ಸಡಿಲವಾಗುತ್ತದೆ. ಹೊರಗಿನ ಉಂಗುರವನ್ನು ಇಕ್ಕಳದಲ್ಲಿ ಕೂದಲೆಳೆಯಷ್ಟು ಒತ್ತಿದರೆ ಗಟ್ಟಿ ಕೂರುತ್ತದೆ.

22.5 ವೋಲ್ಟಿನ ಸೆಲ್ ಎಲ್ಲೂ ಸಿಗುತ್ತಿಲ್ಲ.

ಕಾರಿನ ರಿಮೋಟ್, ಕಾಲಿಂಗ್ ಬೆಲ್‌ಗೆ ಹಾಕುವ 12 ವೋಲ್ಟಿನ ಎ23 ಸೆಲ್ ಎರಡನ್ನು ಒಂದರ ಹಿಂದೆ ಒಂದು ಜೋಡಿಸಿ. 24 ವೋಲ್ಟ್ ಆಗುತ್ತದೆ. ಕೆಪಾಸಿಟರ್ ಮೇಲೆ ಬರೆದ ವೋಲ್ಟ್ 25 ಅಥವಾ ಜಾಸ್ತಿ ಇದ್ದರೆ ತೊಂದರೆ ಇಲ್ಲ. ಹೊಸದು ಹಾಕಿಸುವಾಗ 35 ವೋಲ್ಟಿನದೇ ಹಾಕಿಸಿಬಿಡಿ. ಜಾಗ ಉಳಿದರೆ ಮಡಚಿದ ಹಿತ್ತಾಳೆ ತಗಡು ಇಟ್ಟು ತುಂಬಿ.

ಬಲ್ಬು ಚೆನ್ನಾಗಿದೆಯಾ ಅಂತ ಮಲ್ಟಿಮೀಟರಿನಲ್ಲಿ ಓಮ್ಸ್ ನೋಡಬಹುದಾ?

ಬೇಡ. ಓಮ್ಸ್ ಅಳೆಯಲು ಮೀಟರ್ ತಾನೇ ಕರೆಂಟು ಕಳಿಸುತ್ತದೆ. ಮುಳ್ಳಿನ ಹಳೆ ಮೀಟರುಗಳು ಬಲ್ಬನ್ನು ಕೈಯಲ್ಲೇ ಹೊತ್ತಿಸಬಲ್ಲವು. ಗನ್ನಿನಲ್ಲಿ ಟೆಸ್ಟ್ ಲೈಟ್ ಇದ್ದರೆ ಅದನ್ನೇ ನಂಬಿ.

ಬಲ್ಬಿನೊಳಗೆ ಒಂದು ಸಣ್ಣ ನೀಲಿ ಚುಕ್ಕೆ ಇದೆಯಾ ನೋಡಿ. ಬಹಳಷ್ಟು ಬಲ್ಬುಗಳಲ್ಲಿ ಇರುತ್ತದೆ. ಅದು ಕೋಬಾಲ್ಟ್ ಲವಣ. ಗಾಜು ಸೀಳಿ ಹೊರಗಿನ ಗಾಳಿ, ತೇವ ಒಳಗೆ ಹೋದರೆ ಚುಕ್ಕೆ ಗುಲಾಬಿಯಾಗುತ್ತದೆ. ಗುಲಾಬಿ ಚುಕ್ಕೆಯ ಬಲ್ಬು ಒಡೆದು ಸಿಡಿಯಬಹುದು, ಹಚ್ಚಬೇಡಿ. ಚುಕ್ಕೆ ನೀಲಿಯಾಗಿ ಉಳಿದಿದ್ದರೆ ಬಲ್ಬಿಗೆ ವಯಸ್ಸಾಗಿದೆ ಅಂತ ಬೆಳಕು ಕಡಿಮೆಯಾಗುವುದಿಲ್ಲ.

ಫ್ಲ್ಯಾಶ್ ಕ್ಯೂಬುಗಳು ಸಿಕ್ಕಿವೆ. ಅವನ್ನೂ ಹೀಗೇ ಹಚ್ಚಬಹುದಾ?

1965ರ ಮಾಮೂಲಿ ಫ್ಲ್ಯಾಶ್‌ಕ್ಯೂಬ್ ಕರೆಂಟಿನಿಂದ ಹತ್ತುತ್ತದೆ, ಅದಕ್ಕೆ ಹೊಂದುವ ಗನ್ ಬೇಕು. 1970ರ ಮ್ಯಾಜಿಕ್ಯೂಬ್‌ಗೆ ಕರೆಂಟೇ ಬೇಡ. ಸಣ್ಣ ಸ್ಪ್ರಿಂಗ್ ತಂತಿ ಬಂದು ಹೊಡೆದಾಗ ಹತ್ತುತ್ತದೆ, ಎಸ್‌ಎಲ್‌ಆರ್‌ಗೆ ಉಪಯೋಗವಿಲ್ಲ. ಉದ್ದ ಪಟ್ಟಿಯ ಫ್ಲಿಪ್‌ಫ್ಲ್ಯಾಶ್‌ಗೆ ಸಾವಿರಾರು ವೋಲ್ಟಿನ ಕಿಡಿ ಬೇಕು. ಅದನ್ನು ಅದರ ಕ್ಯಾಮೆರಾದಲ್ಲೇ ಬಳಸಿ.

ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಷ್ಟಿಡಬೇಕು? ಕ್ಯಾಮೆರಾದ ಮೀಟರ್, ಟಿಟಿಎಲ್ ಸಹಾಯ ಮಾಡುತ್ತದಾ?

ಮಾಡುವುದಿಲ್ಲ. ಟಿಟಿಎಲ್ ಅಂದರೆ ಬೆಳಕು ಸಾಕು ಅನಿಸಿದಾಗ ಫ್ಲ್ಯಾಶನ್ನು ಆರಿಸುವುದು. ಹೊತ್ತಿದ ಬಲ್ಬನ್ನು ಯಾರೂ ಆರಿಸಲಾರರು. ಪ್ರೋಗ್ರಾಂ, ಆಟೊ ಎಲ್ಲ ಬಿಟ್ಟು ಮ್ಯಾನುಯಲ್‌ಗೆ ಬನ್ನಿ. ಆಟೊದಲ್ಲಿ ಬಿಟ್ಟರೆ ಕ್ಯಾಮೆರಾ ತನಗೆ ಬೇಕಾದ ವೇಗ ಇಟ್ಟುಕೊಂಡು ಮತ್ತೆ ಮೊದಲನೇ ಪ್ರಶ್ನೆಗೆ ವಾಪಸ್ ಕರೆದುಕೊಂಡು ಹೋಗುತ್ತದೆ.

ಬಲ್ಬಿನ ಪೆಟ್ಟಿಗೆ ಮೇಲೆ ಗೈಡ್ ನಂಬರ್ ಇರುತ್ತದೆ. ಅದನ್ನು ದೂರದಿಂದ ಭಾಗಿಸಿದರೆ ಅಪರ್ಚರ್ ಬಂತು. ನಿಮ್ಮ ಪೆಟ್ಟಿಗೆಯಲ್ಲಿ 100 ವೇಗದ ಫಿಲ್ಮಿಗೆ 120 ಅಡಿ ಲೆಕ್ಕ ಇದೆ ಅನ್ನೋಣ. ಮನುಷ್ಯ 15 ಅಡಿ ದೂರ ಕೂತಿದ್ದಾರೆ. 120 ಭಾಗ 15, ಅಂದರೆ ಎಫ್/8. ಫಿಲ್ಮ್ 400 ಇದ್ದರೆ ನಂಬರ್ ಎರಡರಷ್ಟು, 240. ಅದೇ 15 ಅಡಿಗೆ ಎಫ್/16.

ತಪ್ಪುವುದು ಎರಡು ಕಡೆ. ಪಟ್ಟಿಯಲ್ಲಿ ಬೇರೆ ಬೇರೆ ವೇಗಕ್ಕೆ ಬೇರೆ ಬೇರೆ ಸಾಲು ಇರುತ್ತದೆ, ಎಕ್ಸ್ ಸಿಂಕ್ 1/30ರ ಸಾಲನ್ನೇ ಓದಿ. ಆಮೇಲೆ ಅಡಿಯೋ ಮೀಟರೋ ನೋಡಿ. ಯೂರೋಪಿನ ಪೆಟ್ಟಿಗೆಗಳಲ್ಲಿ ಮೀಟರ್ ಇರುತ್ತದೆ, ಫಿಲ್ಮ್ ವೇಗವೂ ಡಿನ್‌ನಲ್ಲಿರಬಹುದು. 21 ಡಿನ್ ಅಂದರೆ 100. ಇನ್ನು ಆ ನಂಬರ್ ಕೊಟ್ಟಿರುವುದು ರಿಫ್ಲೆಕ್ಟರ್ ಇದ್ದಾಗ. ಹೊಳಪು ಹೋಗಿ ಮಂಕಾದ ಬಟ್ಟಲಿದ್ದರೆ ಅಪರ್ಚರನ್ನು ಅರ್ಧ ಸ್ಟಾಪ್ ತೆರೆಯಿರಿ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು).

ಬಣ್ಣದ ಫಿಲ್ಮಿನಲ್ಲಿ ಎಲ್ಲರೂ ಹಳದಿಯಾಗಿ ಬಂದಿದ್ದಾರೆ.

ನೀವು ಹಾಕಿದ್ದು ಬಿಳಿ ಗಾಜಿನ ಬಲ್ಬು. ಅದರ ಬೆಳಕು ಸುಮಾರು 3800 ಕೆಲ್ವಿನ್, ಹಗಲಿಗಿಂತ ಹಳದಿ. ಈಗ ಸಿಗುವ ಬಣ್ಣದ ಫಿಲ್ಮ್ ಬಹುತೇಕ ಹಗಲು ಬೆಳಕಿನದು. ನೀಲಿ ಬಣ್ಣ ಬಳಿದ ಬಲ್ಬು ಹಾಕಿ, ಅದರ ಹೆಸರಿನ ಕೊನೆಗೆ ಬಿ ಇರುತ್ತದೆ: ಎಜಿ-1ಬಿ, ಎಂ3ಬಿ, 5ಬಿ. ಬಿಳಿಯದೇ ಇದ್ದರೆ ಲೆನ್ಸಿಗೆ 80ಸಿ ಫಿಲ್ಟರ್ ಹಾಕಿ ಒಂದು ಸ್ಟಾಪ್ ತೆರೆಯಿರಿ. ಕಪ್ಪು ಬಿಳುಪಿಗೆ ಯಾವುದಾದರೂ ಸರಿ. ಆದರೆ ಬಿಳಿ ಬಲ್ಬಿನಲ್ಲಿ ಬೆಳಕು ಜಾಸ್ತಿ, ಅದನ್ನು ಕಪ್ಪು ಬಿಳುಪಿಗೆ ಉಳಿಸಿಕೊಳ್ಳುವುದು ಜಾಣತನ.

ಬಿಸಿಲಿನಲ್ಲಿ ನೆರಳು ತುಂಬಲು ಬಲ್ಬು ಬಳಸಬಹುದಾ?

1/30ರಲ್ಲಿ ಕಷ್ಟ. ಪೂರ್ತಿ ಬಿಸಿಲಿಗೆ 100ರ ಫಿಲ್ಮ್ ಎಫ್/16ರಲ್ಲಿ 1/100 ಕೇಳುತ್ತದೆ. 1/30 ಇಟ್ಟರೆ ಎರಡು ಸ್ಟಾಪ್ ಹತ್ತಿರ ಜಾಸ್ತಿಯಾಯಿತು. ಎರಡು ಸ್ಟಾಪ್ ತಗ್ಗಿಸುವ ಬೂದು ಫಿಲ್ಟರ್ ಹಾಕಬೇಕು, ಆಗ ಗೈಡ್ ನಂಬರ್ ಅರ್ಧವಾಗುತ್ತದೆ. ಬಲ್ಬಿನಲ್ಲಿ ಆ ಶಕ್ತಿ ಇದೆ. ಆದರೂ ಮರದ ನೆರಳು, ಸಂಜೆಯ ಜಗಲಿ ಹುಡುಕಿಕೊಳ್ಳುವುದು ಸುಲಭ.

ಎದುರಿಗೆ ಕೂತವರಿಗೆ ಏನಾದರೂ ಅಪಾಯ ಇದೆಯಾ?

ಬಲ್ಬಿನ ಮೇಲೆ ಲ್ಯಾಕರ್ ಲೇಪ ಇರುವುದು ಗಾಜು ಚೂರಾದರೂ ಹಾರದಿರಲಿ ಅಂತ. ಹಳೆ ಬಲ್ಬಿನಲ್ಲಿ ಆ ಲೇಪ ಸಿಪ್ಪೆ ಏಳುತ್ತದೆ. ಸಿಪ್ಪೆ ಎದ್ದದ್ದನ್ನು, ಸೀಳು ಬಿದ್ದದ್ದನ್ನು ಬಿಟ್ಟುಬಿಡಿ. ರಿಫ್ಲೆಕ್ಟರ್ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಮುಚ್ಚಳ ಹಾಕದೆ ಮನುಷ್ಯರ ಮುಂದೆ ನಾನು ಬಲ್ಬು ಹಚ್ಚುವುದಿಲ್ಲ. ಮಕ್ಕಳ ಮುಖದ ಹತ್ತಿರ ಬೇಡವೇ ಬೇಡ. ಪೆಟ್ರೋಲ್, ಗ್ಯಾಸ್, ಸ್ಪಿರಿಟ್ ಇರುವ ಜಾಗದಲ್ಲೂ ಬೇಡ. ಬಿಡಿ ಬಲ್ಬುಗಳನ್ನು ಜೇಬಿನಲ್ಲಿ ನೈಲಾನ್ ಬಟ್ಟೆಗೆ ಉಜ್ಜುವ ಹಾಗೆ ಇಟ್ಟುಕೊಳ್ಳಬೇಡಿ, ಆ ಸಣ್ಣ ವಿದ್ಯುತ್ತೂ ಕೆಲವೊಮ್ಮೆ ಸಾಕಾಗುತ್ತದೆ. ಅವುಗಳ ರಟ್ಟಿನ ಕವಚದಲ್ಲೇ ಇರಲಿ.

ಸುಟ್ಟ ಬಲ್ಬನ್ನು ಯಾವಾಗ ಮುಟ್ಟಬಹುದು?

ಒಂದು ನಿಮಿಷ ಬಿಡಿ. ಗಾಜು ಬೆರಳು ಸುಡುವಷ್ಟು ಬಿಸಿ ಇರುತ್ತದೆ, ಲೇಪ ಗುಳ್ಳೆ ಎದ್ದು ಮೃದುವಾಗಿರುತ್ತದೆ. ತಣ್ಣಗಾದ ಮೇಲೆ ಕಾಗದದಲ್ಲಿ ಸುತ್ತಿ, ಗಾಜು ಅಂತ ಬರೆದು ಕಸಕ್ಕೆ ಕೊಡಿ. ನಾನು ಬಿಸಾಡುವ ಮೊದಲು ಪ್ರತಿಯೊಂದರ ಪೆಟ್ಟಿಗೆಯ ಮೇಲೆ ಫ್ರೇಮ್ ನಂಬರ್, ದೂರ, ಅಪರ್ಚರ್, ವೇಗ ಬರೆದುಕೊಳ್ಳುತ್ತೇನೆ. ಫಿಲ್ಮ್ ತೊಳೆದು ಬಂದಾಗ ಪಕ್ಕದಲ್ಲಿಟ್ಟು ನೋಡಿದರೆ ಆ ಪೆಟ್ಟಿಗೆಯ ಉಳಿದ ಬಲ್ಬುಗಳಿಗೆ ಸರಿಯಾದ ಗೈಡ್ ನಂಬರ್ ಅಲ್ಲೇ ಸಿಗುತ್ತದೆ.